ಬಾತು ಬೇಟೆಯ ಕೋವಿಗೆ ಮನೆಯಲ್ಲೇ ಕ್ಯಾಮೊ ಬಣ್ಣ: ಯಾವುದು ನಿಲ್ಲುತ್ತದೆ, ಯಾವುದು ಸುಲಿಯುತ್ತದೆ

ಪ್ರಶ್ನೆ: ಸರ್, ನಮ್ಮದು ಕೊಡಗು, ಈಗ ಇರುವುದು ಅಮೆರಿಕದ ಮಿನ್ನೆಸೋಟದಲ್ಲಿ, ಎಚ್-1ಬಿ ವೀಸಾ. ಎರಡು ವರ್ಷದಿಂದ ಆಫೀಸಿನ ಗೆಳೆಯರ ಜೊತೆ ಬಾತುಕೋಳಿ ಬೇಟೆಗೆ ಹೋಗುತ್ತಿದ್ದೇನೆ. ಹೋದ ವರ್ಷ ಒಂದು ಹಳೆಯ ರೆಮಿಂಗ್ಟನ್ 870 ಪಂಪ್ ಕೋವಿ ಕೊಂಡೆ. 12 ಗೇಜ್, 28 ಇಂಚಿನ ಬ್ಯಾರಲ್, ಹೆಗಲಿಗೆ ಒತ್ತುವ ಸ್ಟಾಕ್ ಮರದ್ದು. ಹಿಂದಿನವರು ನೋಡಿಕೊಂಡಿರಲಿಲ್ಲ, ಅಲ್ಲಲ್ಲಿ ತುಕ್ಕಿನ ಚುಕ್ಕೆ ಇವೆ. ಸೆಪ್ಟೆಂಬರ್ ಕೊನೆಗೆ ಸೀಸನ್ ಶುರು. ಅದರೊಳಗೆ ಮನೆಯಲ್ಲೇ ಕ್ಯಾಮೊ ಬಣ್ಣ, ಅಂದರೆ ಸುತ್ತಲಿನ ಹುಲ್ಲಿನಲ್ಲಿ ಬೆರೆತುಹೋಗುವ ಬಣ್ಣ, ಹಾಕಬೇಕು ಅಂತಿದ್ದೇನೆ. ನಾಲ್ಕು ದಿನಕ್ಕೆ ಸುಲಿದುಹೋಗದ ಹಾಗೆ ಹೇಗೆ ಮಾಡುವುದು? ಹಾಗೇ, ಊರಿನಲ್ಲಿರುವ ಅಪ್ಪನ ಕೋವಿಗೂ ಮುಂದಿನ ಸಲ ಹೋದಾಗ ಹೀಗೇ ಬಳಿಯಬಹುದಾ?

ಉತ್ತರ:

ನಮಸ್ಕಾರ. ಕೊಡಗಿನವರು ಕೋವಿ ಬಗ್ಗೆ ಕೇಳಿದರೆ ನಾನು ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ, ಸಹಿಸಿಕೊಳ್ಳಿ.

ಈ ವಿಷಯದಲ್ಲಿ ಎಲ್ಲರೂ ಮೊದಲು ಕೇಳುವುದು "ಯಾವ ಕಂಪನಿಯ ಬಣ್ಣ ತರಲಿ?" ಅಂತ. ವಿಸ್ಕಾನ್ಸಿನ್‌ನಲ್ಲಿ ಒಂದು ಕೋವಿ ರಿಪೇರಿ ಅಂಗಡಿಯಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದೆ. ಬಣ್ಣ ಸುಲಿದ ಕೋವಿ ಹಿಡಿದುಕೊಂಡು ಬಂದವರನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರ ಬಣ್ಣ ಚೆನ್ನಾಗಿಯೇ ಇತ್ತು. ಕೆಳಗೆ ಎಣ್ಣೆ ಉಳಿದಿತ್ತು, ಅಷ್ಟೇ. ತೊಳೆಯುವುದಕ್ಕೆ ಎರಡು ದಿನ, ಬಳಿಯುವುದಕ್ಕೆ ಒಂದು ಮಧ್ಯಾಹ್ನ, ಒಣಗಲು ಎರಡು ವಾರ: ಈ ಲೆಕ್ಕ ಇಟ್ಟುಕೊಂಡರೆ ಏಳೆಂಟು ಡಾಲರಿನ ಡಬ್ಬಿ ಬಣ್ಣವೂ ಎರಡು ಮೂರು ಸೀಸನ್ ನಿಲ್ಲುತ್ತದೆ.

ಬಣ್ಣಕ್ಕೆ ಮುಂಚೆ ಕಾಗದಪತ್ರದ ಮಾತು ಮುಗಿಸೋಣ. ಎಚ್-1ಬಿ ಥರದ ವೀಸಾದಲ್ಲಿ ಇರುವವರು ಕೋವಿ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅದಕ್ಕೆ ಇರುವ ವಿನಾಯಿತಿಗಳಲ್ಲಿ ಒಂದು, ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ನೀವು ಕೊಳ್ಳುವಾಗಲೇ ಇದನ್ನು ತೋರಿಸಿರುತ್ತೀರಿ. ಆದರೆ ಮಿನ್ನೆಸೋಟದ ಲೈಸೆನ್ಸ್ ವರ್ಷ ಮಾರ್ಚ್ 1ಕ್ಕೆ ಶುರುವಾಗಿ ಫೆಬ್ರವರಿ ಕೊನೆಗೆ ಮುಗಿಯುತ್ತದೆ. "ಸೀಸನ್ ಬರಲಿ, ಆಗ ತೆಗೆದುಕೊಂಡರಾಯಿತು" ಅಂತ ಬಿಟ್ಟರೆ ನಡುವಿನ ಆರು ತಿಂಗಳು ಬೀರುವಿನಲ್ಲಿರುವ ಕೋವಿಯೇ ನಿಮಗೆ ತೊಂದರೆ. ನಮ್ಮ ಹುಡುಗರು ಎಡವುವುದು ಇಲ್ಲೇ. ಈ ವರ್ಷದ್ದು ಇನ್ನೂ ತೆಗೆದಿಲ್ಲವಾದರೆ ಬಣ್ಣದ ಡಬ್ಬಿಗಿಂತ ಮೊದಲು ಅದನ್ನು ತೆಗೆಯಿರಿ. ಅನುಮಾನ ಇದ್ದರೆ ನಿಮ್ಮ ಇಮಿಗ್ರೇಷನ್ ವಕೀಲರನ್ನು ಕೇಳಿಬಿಡಿ.

ಇನ್ನೊಂದು. ನಿಮ್ಮ ಕೋವಿಗೆ ನೀವು ಬಣ್ಣ ಹಾಕಲು ಯಾರ ಅಪ್ಪಣೆಯೂ ಬೇಡ. ಆದರೆ ಅದು ಚೆನ್ನಾಗಿ ಬಂದರೆ ಗೆಳೆಯರು "ನಮ್ಮದಕ್ಕೂ ಹಾಕಿಕೊಡು, ದುಡ್ಡು ಕೊಡ್ತೀವಿ" ಅನ್ನುತ್ತಾರೆ. ದುಡ್ಡಿಗೆ ಮಾಡುವ ಕಸುಬಾದರೆ ಫೆಡರಲ್ ಲೈಸೆನ್ಸ್ ಬೇಕು. ನಯವಾಗಿ ಇಲ್ಲ ಅನ್ನಿ.

ಈಗ ದಾರಿಗಳು. ಮನೆಯಲ್ಲಿ ಮಾಡುವವರಿಗೆ ನಾಲ್ಕು ದಾರಿ ಇವೆ.

ಒಂದು, ಸೆರಾಕೋಟ್ ಥರದ ಸೆರಾಮಿಕ್ ಲೇಪ. ಗಟ್ಟಿತನದಲ್ಲಿ ಅದಕ್ಕೆ ಸಾಟಿ ಇಲ್ಲ. ಆದರೆ ಲೋಹವನ್ನು ಅಲ್ಯೂಮಿನಿಯಂ ಆಕ್ಸೈಡ್ ಪುಡಿಯಿಂದ ಬ್ಲಾಸ್ಟ್ ಮಾಡಬೇಕು, ಕಂಪ್ರೆಸರ್ ಬೇಕು, ಸಣ್ಣ ತುದಿಯ ಸ್ಪ್ರೇ ಗನ್ ಬೇಕು. ಅದರ ಎಚ್ ಸರಣಿಯ ಬಣ್ಣವನ್ನು 250 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ, ಅಂದರೆ ಸುಮಾರು 120 ಸೆಲ್ಸಿಯಸ್‌ನಲ್ಲಿ, ಎರಡು ಗಂಟೆ ಬೇಯಿಸಬೇಕು. ಅಡುಗೆಮನೆಯ ಓವನ್ ಕಡೆ ಕಣ್ಣು ಹಾಕಬೇಡಿ. ದ್ರಾವಕದ ಹೊಗೆ ಬಿಟ್ಟ ಓವನ್‌ನಲ್ಲಿ ಆಮೇಲೆ ಮಕ್ಕಳಿಗೆ ಕೇಕ್ ಮಾಡುವ ಹಾಗಿಲ್ಲ. ಅಲ್ಲದೆ ನಿಮ್ಮ 28 ಇಂಚಿನ ಬ್ಯಾರಲ್ ಅದರೊಳಗೆ ಹಿಡಿಸುವುದೂ ಇಲ್ಲ. ಇದು ಬೇಕೇ ಬೇಕು ಅಂದರೆ ಕೆಲವು ನೂರು ಡಾಲರ್ ಕೊಟ್ಟು ಅಂಗಡಿಯಲ್ಲಿ ಮಾಡಿಸಿ.

ಎರಡು, ನೀರಿನ ಮೇಲೆ ತೇಲಿಸಿದ ಚಿತ್ರದ ಹಾಳೆಯಲ್ಲಿ ಅದ್ದುವ ಹೈಡ್ರೊ ಡಿಪ್. ಅಂಗಡಿಯಲ್ಲಿ ಸಿಗುವ ಎಲೆ ಕಡ್ಡಿ ಚಿತ್ರದ ಕೋವಿಗಳೆಲ್ಲ ಹೆಚ್ಚಾಗಿ ಹೀಗೆ ಆದವೇ. ನೀರು ಸುಮಾರು 30 ಡಿಗ್ರಿ ಸೆಲ್ಸಿಯಸ್ ಇರಬೇಕು, ಹಾಳೆ ಮೆತ್ತಗಾದ ಮೇಲೆ ಆಕ್ಟಿವೇಟರ್ ಅನ್ನುವ ದ್ರಾವಕ ಸಿಂಪಡಿಸಬೇಕು, ಅದು ಎಣ್ಣೆಯ ಹಾಗೆ ಹರಡಿದ ಕೂಡಲೇ ವಸ್ತುವನ್ನು ಓರೆಯಾಗಿ, ಒಂದೇ ವೇಗದಲ್ಲಿ ಮುಳುಗಿಸಬೇಕು. ಸ್ಟಾಕ್‌ಗೆ ಪರವಾಗಿಲ್ಲ. ಉದ್ದದ ಬ್ಯಾರಲ್‌ಗೆ ಮನೆಯಲ್ಲಿ ಅಷ್ಟು ದೊಡ್ಡ ತೊಟ್ಟಿ ಎಲ್ಲಿಂದ ತರುತ್ತೀರಿ? ಮೊದಲ ಎರಡು ಸಲ ಕೆಡುವುದು ಗ್ಯಾರಂಟಿ.

ಮೂರು, ವಿನೈಲ್ ಅಂಟುಹಾಳೆ. ಒಂದು ಸಂಜೆ ಕೆಲಸ, ಬೇಡ ಅಂದರೆ ಕೀಳಬಹುದು. ಬಾಡಿಗೆ ಮನೆಯಲ್ಲಿರುವವರಿಗೆ, ಸ್ಪ್ರೇ ಹೊಡೆಯಲು ಜಾಗ ಇಲ್ಲದವರಿಗೆ ಒಳ್ಳೆಯದು. ಆದರೆ ಬಾತು ಬೇಟೆ ಅಂದರೆ ನೀರು. ಅಂಚಿನಲ್ಲಿ ಒಳಗೆ ಹೋದ ನೀರು ಹೊರಗೆ ಬರುವುದಿಲ್ಲ. ಮೇಲೆ ಚೆಂದದ ಎಲೆ ಚಿತ್ರ, ಕೆಳಗೆ ಕೆಂಪು ತುಕ್ಕು. ಆಗಲೇ ತುಕ್ಕಿನ ಚುಕ್ಕೆ ಇರುವ ನಿಮ್ಮ ಕೋವಿಗೆ ಇದು ಬೇಡ.

ನಾಲ್ಕನೆಯದು ಸ್ಪ್ರೇ ಡಬ್ಬಿ. ನಿಮಗೆ ನಾನು ಹೇಳುವುದು ಇದನ್ನೇ. ಇದರಲ್ಲೂ ಎರಡು ಜಾತಿ. ರಸ್ಟ್-ಓಲಿಯಂ, ಕ್ರೈಲಾನ್‌ನವರ ಕ್ಯಾಮೊ ಡಬ್ಬಿಗಳು ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತವೆ, ಸ್ವಲ್ಪವೂ ಮಿಂಚುವುದಿಲ್ಲ, ಪ್ಲಾಸ್ಟಿಕ್ ಮೇಲೆ ಚೆನ್ನಾಗಿ ಕೂರುತ್ತವೆ. ಆದರೆ ಕೋವಿ ತೊಳೆಯುವ ದ್ರಾವಕ ತಾಗಿದರೆ ಕರಗುತ್ತವೆ. ಬ್ರೌನೆಲ್ಸ್‌ನವರ ಅಲ್ಯೂಮಾ-ಹೈಡ್ 2 ಎಪಾಕ್ಸಿ ಬಣ್ಣ. ಓವನ್ ಬೇಡ, ಗಾಳಿಯಲ್ಲೇ ಒಣಗುತ್ತದೆ. ಪೂರ್ತಿ ಗಟ್ಟಿಯಾಗಲು ಒಂದೆರಡು ವಾರ ಬೇಕು. ಆಮೇಲೆ ದ್ರಾವಕಕ್ಕೂ ಅಷ್ಟು ಬೇಗ ಬಗ್ಗುವುದಿಲ್ಲ. ಲೋಹಕ್ಕೆ ಎಪಾಕ್ಸಿ, ಸ್ಟಾಕ್‌ಗೆ ಮಾಮೂಲಿ ಕ್ಯಾಮೊ ಡಬ್ಬಿ. ನನ್ನ ಸ್ವಂತ ಬಾತು ಕೋವಿ ಹೀಗೇ ಇದೆ.

ಮರದ ಸ್ಟಾಕ್ ಅಂದಿರಲ್ಲ, ಅದಕ್ಕೆ ಬಳಿಯಬೇಡಿ. ಮರದ ರಂಧ್ರಕ್ಕೆ, ಹಿಡಿಯ ಕೆತ್ತನೆ ಗೆರೆಗೆ ಇಳಿದ ಬಣ್ಣ ಮತ್ತೆ ಬರುವುದಿಲ್ಲ. 870 ಲಕ್ಷಗಟ್ಟಲೆ ಮಾರಾಟವಾದ ಕೋವಿ, ಹಳೆಯ ಪ್ಲಾಸ್ಟಿಕ್ ಸ್ಟಾಕ್ ಎಲ್ಲೆಂದರಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಅದನ್ನು ತಂದು ಬಣ್ಣ ಹಾಕಿ, ಮರದ್ದನ್ನು ಬಟ್ಟೆ ಸುತ್ತಿ ಎತ್ತಿಡಿ. ಬ್ಯಾರಲ್ ಕೆಳಗೆ ಹಿಂದೆ ಮುಂದೆ ಎಳೆಯುವ ಮುಂಗೈ ಹಿಡಿ ಕೊಳ್ಳುವಾಗ ಮಾತ್ರ ಅಳತೆ ನೋಡಿ. ಹಳೆಯ ಮತ್ತು ಹೊಸ 870ಗಳಲ್ಲಿ ಒಳಗಿನ ಆ್ಯಕ್ಷನ್ ಟ್ಯೂಬಿನ ಉದ್ದ ಬೇರೆ ಬೇರೆ. ಅದರ ಮುಂದಿನ ನಟ್ ಬಿಚ್ಚಲು ಎರಡು ಹಲ್ಲಿನ ಸ್ಪ್ಯಾನರ್ ಬೇಕು. ಪ್ಲೈಯರ್‌ನಲ್ಲಿ ತಿರುಗಿಸಲು ಹೋದರೆ ನಟ್ ಕಿತ್ತುಬರುತ್ತದೆ.

ಸರಿ, ಕೆಲಸಕ್ಕೆ ಕೂರೋಣ. ಮೊದಲು ಕೋವಿ ಖಾಲಿ ಇದೆಯಾ ಅಂತ ಕಣ್ಣಲ್ಲಿ ನೋಡಿ, ಆಮೇಲೆ ಕಿರುಬೆರಳು ಹಾಕಿ ನೋಡಿ. ತೋಟಾಗಳು ಆ ಕೋಣೆಯಲ್ಲೇ ಇರಬಾರದು. ಮ್ಯಾಗಜೀನಿನ ತುದಿಯ ಕ್ಯಾಪ್ ಬಿಚ್ಚಿ, ಬ್ಯಾರಲ್ ಎಳೆಯಿರಿ. ಟ್ರಿಗರ್ ಗುಂಪನ್ನು ಹಿಡಿದಿರುವ ಎರಡು ಪಿನ್ ತಳ್ಳಿದರೆ ಅದು ಇಡಿಯಾಗಿ ಕೆಳಗೆ ಬರುತ್ತದೆ. ಬೋಲ್ಟ್, ಮುಂಗೈ ಹಿಡಿ, ಸ್ಟಾಕ್ ಎಲ್ಲ ಬೇರೆ ಮಾಡಿ. ಪ್ರತಿ ಹಂತದಲ್ಲೂ ಫೋನಿನಲ್ಲಿ ಒಂದು ಫೋಟೊ ಹೊಡೆದುಕೊಳ್ಳಿ. ಚಿಕ್ಕ ಭಾಗಗಳನ್ನು ಸ್ಟೀಲ್ ಡಬ್ಬದಲ್ಲಿ ಹಾಕಿಡಿ. ನಮ್ಮ ಮನೆಯ ಮಸಾಲೆ ಡಬ್ಬ ಒಂದು ಹೀಗೇ ಶೆಡ್ಡಿಗೆ ಹೋಗಿ ಮತ್ತೆ ಅಡುಗೆಮನೆಗೆ ಬರಲಿಲ್ಲ.

ಈಗ ತೊಳೆಯುವುದು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕಂದರೆ ನನ್ನ ಮೊದಲ ಕೋವಿ ಕೆಟ್ಟದ್ದು ಇಲ್ಲೇ. ಬ್ಯಾರಲ್ ಮೇಲೆ ಸಣ್ಣ ಕಂಬಗಳ ಮೇಲೆ ನಿಂತ ಪಟ್ಟಿ ಇರುತ್ತದಲ್ಲ, ರಿಬ್. ಆ ಒಂದೊಂದು ಕಂಬದ ಬುಡದಲ್ಲೂ ವರ್ಷಗಟ್ಟಲೆಯ ಎಣ್ಣೆ ಕೂತಿರುತ್ತದೆ. ನಾನು ಬ್ರೇಕ್ ಕ್ಲೀನರ್ ಹೊಡೆದೆ, ಒರೆಸಿದೆ, ಮೇಲೆ ಎಲ್ಲ ಒಣಗಿತ್ತು. ಬಣ್ಣ ಹಾಕಿ ಬಿಸಿಲಿಗೆ ತೂಗುಹಾಕಿದೆ. ಲೋಹ ಬೆಚ್ಚಗಾದ ಹಾಗೆ ಒಳಗಿನ ಎಣ್ಣೆ ಬೆವರಿನ ಹಾಗೆ ಹೊರಗೆ ಬಂತು. ಒಂದೊಂದು ಕಂಬದ ಕೆಳಗೂ ಕಾಸಿನಗಲ ಗುಳ್ಳೆ. ಉಗುರು ತಾಗಿಸಿದರೆ ಹಾಲಿನ ಕೆನೆಯ ಹಾಗೆ ಎದ್ದುಬಂತು.

ಅದಕ್ಕೇ ಈಗ ನಾನು ಮೂರು ಸುತ್ತು ತೊಳೆಯುತ್ತೇನೆ. ಲೋಹಕ್ಕೆ ಬ್ರೇಕ್ ಕ್ಲೀನರ್, ಕ್ಲೋರಿನ್ ಇಲ್ಲದ್ದು, ಮನೆ ಹೊರಗೆ ನಿಂತು. ಒಣಗಿದ ಮೇಲೆ ಕೂದಲು ಒಣಗಿಸುವ ಡ್ರೈಯರ್‌ನಿಂದ ರಿಬ್ ಉದ್ದಕ್ಕೂ ಬಿಸಿ ಗಾಳಿ, ಕೈಗೆ ಚುರುಕ್ ಅನ್ನುವಷ್ಟು. ಎಣ್ಣೆ ಬೆವರುತ್ತದೆ. ತಣ್ಣಗಾಗಲು ಬಿಟ್ಟು ಮತ್ತೆ ಕ್ಲೀನರ್. ಬೆವರು ನಿಲ್ಲುವ ತನಕ ಇದೇ ಕೆಲಸ. ಕ್ಲೀನರ್ ಪೂರ್ತಿ ಆರುವ ಮೊದಲು ಬಿಸಿ ತೋರಿಸಬೇಡಿ, ಹೊತ್ತಿಕೊಳ್ಳುತ್ತದೆ. ಪ್ಲಾಸ್ಟಿಕ್ ಸ್ಟಾಕ್‌ಗೆ ಬ್ರೇಕ್ ಕ್ಲೀನರ್ ಬೇಡ. ಪಾತ್ರೆ ತೊಳೆಯುವ ಸೋಪು, ಬಿಸಿ ನೀರು, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್.

ತುಕ್ಕಿನ ಚುಕ್ಕೆಗಳನ್ನು ಮೊದಲ ಸುತ್ತಿನ ನಂತರ ನೋಡಿಕೊಳ್ಳಿ. ನಾಲ್ಕು ಸೊನ್ನೆಯ, ಅಂದರೆ ತೀರಾ ನಯವಾದ ಸ್ಟೀಲ್ ವೂಲ್‌ಗೆ ಒಂದು ಹನಿ ಎಣ್ಣೆ ಹಾಕಿ ಉಜ್ಜಿದರೆ ಮೇಲುತುಕ್ಕು ಹೋಗುತ್ತದೆ. ಆಳಕ್ಕೆ ಇಳಿದದ್ದಕ್ಕೆ 320 ನಂಬರಿನ ಎಮರಿ ಪೇಪರ್. ಕಂದು ಬಣ್ಣ ಚೂರೂ ಉಳಿಯಬಾರದು. ತುಕ್ಕಿನ ಮೇಲೆ ಬಣ್ಣ ಬಳಿಯುವುದು ಹುಳ ಬಿದ್ದ ಹಲ್ಲಿಗೆ ಬರೀ ಕ್ಯಾಪ್ ಹಾಕಿದ ಹಾಗೆ, ಒಳಗೇ ತಿನ್ನುತ್ತಾ ಹೋಗುತ್ತದೆ. ಕಾರ್ಖಾನೆಯಲ್ಲಿ ಲೋಹಕ್ಕೆ ಕೊಟ್ಟ ಕಪ್ಪು ಬ್ಲೂಯಿಂಗ್ ಪೂರ್ತಿ ತೆಗೆಯಬೇಕಾಗಿಲ್ಲ. ಹೊಳಪು ಸಾಯುವಷ್ಟು 320ರಲ್ಲಿ ಹಗುರಾಗಿ ಉಜ್ಜಿ. ಬಣ್ಣಕ್ಕೆ ಕಚ್ಚಿಕೊಳ್ಳಲು ಸ್ವಲ್ಪ ಒರಟು ಬೇಕು.

ಉಜ್ಜುವಾಗ ಸೀರಿಯಲ್ ನಂಬರಿನ ಹತ್ತಿರ ಹೋಗಬೇಡಿ. ನಂಬರ್ ಅಳಿಸಿದ ಕೋವಿ ಕೈಯಲ್ಲಿರುವುದು ಇಲ್ಲಿ ದೊಡ್ಡ ಅಪರಾಧ. "ಬಣ್ಣ ಹಾಕುವಾಗ ಆಯ್ತು" ಅನ್ನುವುದನ್ನು ಯಾರೂ ಕೇಳುವುದಿಲ್ಲ. ಆ ಜಾಗಕ್ಕೆ ಶುರುವಿನಲ್ಲೇ ಅಳತೆಗೆ ಕತ್ತರಿಸಿದ ಟೇಪ್ ಅಂಟಿಸಿ, ಕೊನೆಗೆ ಕೀಳಿ. ಅಲ್ಲಿ ಒಂದು ಕಪ್ಪು ಚೌಕ ಉಳಿಯುತ್ತದೆ. ಉಳಿಯಲಿ.

ಎಲ್ಲ ಮುಗಿದ ಮೇಲೆ ನೀರಿನ ಪರೀಕ್ಷೆ. ಲೋಹದ ಮೇಲೆ ಶುದ್ಧ ನೀರು ಹರಿಸಿ. ಇಡೀ ಮೇಲ್ಮೈ ಒಂದೇ ಪರದೆಯಾಗಿ ಒದ್ದೆಯಾದರೆ ಸರಿ. ಕೆಸುವಿನ ಎಲೆಯ ಮೇಲಿನ ಹಾಗೆ ನೀರು ಮುತ್ತಾಗಿ ಒಡೆದರೆ ಅಲ್ಲಿ ಎಣ್ಣೆ ಇದೆ, ಮತ್ತೆ ತೊಳೆಯಿರಿ. ಸರಿಬಂದ ಕೂಡಲೇ ಡ್ರೈಯರ್‌ನಿಂದ ಒಣಗಿಸಿ, ತಡ ಮಾಡಿದರೆ ಬರಿಯ ಉಕ್ಕಿನ ಮೇಲೆ ಗಂಟೆಯೊಳಗೆ ಕೆಂಪು ಹಿಡಿಯುತ್ತದೆ. ಇಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ, ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಿ. ಒಬ್ಬರು ತಂದ ಕೋವಿಯಲ್ಲಿ ರಿಸೀವರಿನ, ಅಂದರೆ ಬೋಲ್ಟ್, ಟ್ರಿಗರ್ ಕೂರುವ ನಡುಭಾಗದ, ಎಡಗಡೆ ಬಣ್ಣ ಎದ್ದಿತ್ತು, ಹೆಬ್ಬೆಟ್ಟಿನ ಗುರುತು ಗೆರೆ ಗೆರೆಯಾಗಿ, ಕ್ರಯಪತ್ರದಲ್ಲಿ ಒತ್ತಿದ ಹಾಗೆ. ಅವರದೇ ಹೆಬ್ಬೆಟ್ಟು.

ಮುಚ್ಚಬೇಕಾದ ಜಾಗಗಳು. ಬ್ಯಾರಲ್ಲಿನ ಎರಡೂ ಬಾಯಿಗೆ ಬಿಗಿಯಾದ ಕಾಗದದ ಸುರುಳಿ. ಬ್ಯಾರಲ್ಲಿನ ತುದಿಯ ಚೋಕ್ ಕೊಳವೆ ಬಿಚ್ಚುವ ಜಾತಿಯಾದರೆ ಒಂದು ಹಳೆಯ ಚೋಕ್ ಹಾಕಿಯೇ ಬಣ್ಣ ಹೊಡೆಯಿರಿ, ಇಲ್ಲದಿದ್ದರೆ ಅದರ ತಿರುಪಿನ ಗೆರೆಗಳಿಗೆ ಬಣ್ಣ ತುಂಬಿಕೊಳ್ಳುತ್ತದೆ. ಮುಂದಿನ ಗುರಿ ಮಣಿಗೆ ಒಂದು ಚೂರು ಟೇಪ್. ರಿಸೀವರಿನ ಒಳಗೆ, ಬೋಲ್ಟ್ ಓಡುವ ಜಾಡಿನಲ್ಲಿ ಬಣ್ಣ ಬೇಡ. ಬೋಲ್ಟ್, ಆ್ಯಕ್ಷನ್ ಬಾರ್, ತೋಟಾ ಎತ್ತುವ ತಗಡು, ಟ್ರಿಗರ್, ಸೇಫ್ಟಿ ಗುಂಡಿ ಇವಕ್ಕೆಲ್ಲ ಬೇಡವೇ ಬೇಡ. ಮ್ಯಾಗಜೀನ್ ಟ್ಯೂಬಿಗೂ ಬೇಡ. ಮುಂಗೈ ಹಿಡಿ ಓಡಾಡುವುದು ಅದರ ಮೇಲೇ. ಅಲ್ಲಿ ಬಣ್ಣ ಬಿದ್ದರೆ ಮೊದಲು ಬಿಗಿಯಾಗುತ್ತದೆ, ಆಮೇಲೆ ಸುರುಳಿ ಸುರುಳಿಯಾಗಿ ಕಿತ್ತು ಒಳಗೆ ಸೇರುತ್ತದೆ.

ಹೊಡೆಯುವ ಜಾಗ ಯಾವುದು? ಗ್ಯಾರೇಜ್ ಅಂತೀರಿ. ಅಮೆರಿಕದ ಎಷ್ಟೋ ಮನೆಗಳಲ್ಲಿ ಗ್ಯಾಸಿನ ನೀರು ಕಾಯಿಸುವ ಟ್ಯಾಂಕ್ ಇರುವುದು ಗ್ಯಾರೇಜಿನಲ್ಲಿ ಅಥವಾ ಬೇಸ್‌ಮೆಂಟಿನಲ್ಲಿ. ಹಳೆಯದಾದರೆ ಅದರ ಕೆಳಗೆ ಒಂದು ಪುಟ್ಟ ಜ್ವಾಲೆ ಸದಾ ಉರಿಯುತ್ತಿರುತ್ತದೆ. ಡಬ್ಬಿಯ ಗ್ಯಾಸ್ ಅಲ್ಲಿಗೆ ಹೋಗಿ ಮುಟ್ಟಿದರೆ ಕೋವಿಯ ಮಾತು ಬಿಡಿ, ಮನೆಯೇ ಹೋಗುತ್ತದೆ. ಆದಷ್ಟೂ ಹೊರಗೆ, ಮರದ ನೆರಳಲ್ಲಿ, ಗಾಳಿ ಇಲ್ಲದ ಒಣ ದಿನ ಆರಿಸಿಕೊಳ್ಳಿ. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಹಾಕಿ. ಕೋವಿಡ್ ಕಾಲದ ಬಟ್ಟೆ ಮಾಸ್ಕ್ ಇದಕ್ಕೆ ನಡೆಯುವುದಿಲ್ಲ.

ತಂತಿ ಹಾಕಿ ಎಲ್ಲವನ್ನೂ ತೂಗುಬಿಡಿ. ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಬಣ್ಣ ನಯವಾಗಿ ಬರುತ್ತದೆ, ಬಿಸಿ ನೀರು ಮಾತ್ರ ಬೇಡ. ಒಂದು ಗೇಣಿಗಿಂತ ಸ್ವಲ್ಪ ದೂರದಿಂದ ಹೊಡೆಯಿರಿ. ಕೋವಿಯ ಹೊರಗೆ ಶುರು ಮಾಡಿ, ದಾಟಿಸಿ, ಹೊರಗೆ ಹೋಗಿ ನಿಲ್ಲಿಸಿ. ಮೊದಲ ಸುತ್ತಿನಲ್ಲಿ ಕೆಳಗಿನ ಕಪ್ಪು ಕಾಣುತ್ತಲೇ ಇರಬೇಕು. ಒಂದೇ ಸಲಕ್ಕೆ ಮುಚ್ಚುವ ಆಸೆ ಬೇಡ. ತೆಳ್ಳಗೆ ಮೂರು ಸುತ್ತು, ನಡುವೆ ಹದಿನೈದು ಇಪ್ಪತ್ತು ನಿಮಿಷ. ಎರಡನೇ ಬಣ್ಣ ಯಾವಾಗ ಹಾಕಬೇಕು ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ. ಕೆಲವು ಬಣ್ಣಗಳು "ಒಂದು ಗಂಟೆಯೊಳಗೆ, ಇಲ್ಲವೇ ಎರಡು ದಿನದ ನಂತರ" ಅನ್ನುತ್ತವೆ. ಅದು ಸುಮ್ನೆ ಬರೆದದ್ದಲ್ಲ. ನಡುವೆ ಹೊಡೆದರೆ ಕೆಳಗಿನ ಪದರ ಉಬ್ಬಿ, ಹಂಡೆಹಾಲಿನ ಕೆನೆಯ ಹಾಗೆ ಸುಕ್ಕಾಗುತ್ತದೆ. ಆಮೇಲೆ ಪೂರ್ತಿ ಕೆರೆದು ಮೊದಲಿಂದ ಶುರು.

ಈಗ ಚಿತ್ರ. ಎಲ್ಲರಿಗೂ ಇಷ್ಟವಾದ ಭಾಗ ಇದೇ, ಆದರೆ ನನ್ನ ಪ್ರಕಾರ ಚಿತ್ರಕ್ಕಿಂತ ಹೊಳಪಿಲ್ಲದಿರುವುದೇ ಮುಖ್ಯ. ಬಣ್ಣ ಗುರುತಿಸುವ ಕೋನ್ ಕೋಶ ನಮ್ಮ ಕಣ್ಣಿನಲ್ಲಿ 3 ಬಗೆ, ಹಕ್ಕಿಗಳಲ್ಲಿ 4 ಬಗೆ. ನಮಗೆ ಕಾಣದ ನೇರಳಾತೀತ ಬೆಳಕೂ ಅವಕ್ಕೆ ಕಾಣುತ್ತದೆ. ಬಾತು ನಿಮ್ಮ ಮೇಲೆ ಸುತ್ತು ಹೊಡೆಯುವಾಗ ಅದು ನೋಡುವುದು ಮೇಲಿನಿಂದ. ಹಾಗಾಗಿ ಅದಕ್ಕೆ ಕಾಣುವುದು ರಿಬ್‌ನ ಮೇಲ್ಭಾಗ, ರಿಸೀವರಿನ ಬೆನ್ನು, ಮತ್ತೆ ನೀವು ಮೇಲೆತ್ತಿದ ಮುಖ. ಜನ ಕೋವಿಯ ಎರಡು ಬದಿಗೂ ಚೆಂದವಾಗಿ ಹುಲ್ಲು ಬಿಡಿಸುತ್ತಾರೆ, ಬೆನ್ನನ್ನು ಮರೆತುಬಿಡುತ್ತಾರೆ. ಬದಿ ಕಾಣುವುದು ಫೋಟೊದಲ್ಲಿ ಮಾತ್ರ.

ಬಣ್ಣ ಆರಿಸಲು ಅಂಗಡಿಗೆ ಹೋಗುವ ಮುಂಚೆ ಹೋದ ವರ್ಷ ಅಕ್ಟೋಬರಿನಲ್ಲಿ ತೆಗೆದ ಫೋಟೊ ನೋಡಿ. ಮಿನ್ನೆಸೋಟದ ಜೌಗಿನಲ್ಲಿ ಆಗ ಹಸಿರು ಎಲ್ಲಿದೆ? ಜಂಬು ಹುಲ್ಲೆಲ್ಲ ಒಣಗಿ ಗೋಧಿ ಬಣ್ಣಕ್ಕೆ ತಿರುಗಿರುತ್ತದೆ, ಬುಡದಲ್ಲಿ ಕೆಸರಿನ ಕಂದು. ನಾವು ಕ್ಯಾಮೊ ಅಂದ ಕೂಡಲೇ ಮಿಲಿಟರಿ ಹಸಿರು ತರುತ್ತೇವೆ. 1980ರ ದಶಕದವರೆಗೆ ಇಲ್ಲಿನ ಬೇಟೆಗಾರರೂ ಸೈನ್ಯದ ಹಳೆಯ ಬಟ್ಟೆಯನ್ನೇ ಹಾಕುತ್ತಿದ್ದರು. 1986ರಲ್ಲಿ ಮಿಸಿಸಿಪ್ಪಿಯ ಟಾಕ್ಸಿ ಹಾಸ್ ಮಾಸಿ ಓಕ್ ಶುರು ಮಾಡಿದರು, ಅದೇ ವರ್ಷ ಜಾರ್ಜಿಯಾದ ಬಿಲ್ ಜೋರ್ಡನ್ ರಿಯಲ್‌ಟ್ರೀ ಶುರು ಮಾಡಿದರು. ಮರದ ತೊಗಟೆ, ಒಣ ಎಲೆ, ಮಣ್ಣು, ಇದನ್ನೇ ನೋಡಿ ಚಿತ್ರ ಮಾಡುವುದು ಆಮೇಲೆ ಎಲ್ಲ ಕಡೆ ಬಂತು. ನೀವೂ ಅದನ್ನೇ ಮಾಡಿ: ಗೋಧಿ ಬಣ್ಣ ಜಾಸ್ತಿ, ಕಂದು ಅರ್ಧದಷ್ಟು, ಮಂಕು ಹಸಿರು ಅಲ್ಲೊಂದು ಇಲ್ಲೊಂದು ಗೆರೆ.

ತಿಳಿ ಬಣ್ಣ ಮೊದಲು. ಅದು ಒಣಗಿದ ಮೇಲೆ ಜೌಗಿನಿಂದ ತಂದ ಒಣ ಜಂಬು ಎಲೆಗಳನ್ನೇ ಕೋವಿಯ ಮೇಲೆ ಓರೆಯಾಗಿ ಒತ್ತಿ ಹಿಡಿದು, ಕಂದು ಬಣ್ಣವನ್ನು ದೂರದಿಂದ ಫಸ್ ಅಂತ ಒಂದು ಸಲ ಬಿಡಿ. ಎಲೆ ಎತ್ತಿದರೆ ಅದರ ಆಕಾರ ತಿಳಿ ಬಣ್ಣದಲ್ಲಿ ಉಳಿದಿರುತ್ತದೆ. ಎಲೆ ಜಾಗ ಬದಲಿಸಿ ಮತ್ತೆ. ಮೊದಲೆರಡು ಎಲೆ ಎತ್ತುವಾಗ ಕೈ ನಡುಗುತ್ತದೆ, ಆಮೇಲೆ ನಿಲ್ಲಿಸುವುದೇ ಕಷ್ಟ. ನಿಲ್ಲಿಸಿ. ಸಣ್ಣ ಸಣ್ಣ ಗೆರೆ ತುಂಬಿಸಿದರೆ ಹತ್ತು ಮಾರು ದೂರದಿಂದ ಎಲ್ಲ ಸೇರಿ ಒಂದೇ ಕಪ್ಪು ಕೋಲು ಕಾಣುತ್ತದೆ. ಬ್ಯಾರಲ್ಲಿನ ನೇರ ಗೆರೆ ಮುರಿಯಬೇಕು, ಅದಕ್ಕೆ ಅಂಗೈ ಅಗಲದ ದೊಡ್ಡ ತಿಳಿ ಜಾಗಗಳು ಉಳಿದಿರಲಿ. ಬೇಲಿಗೆ ಒರಗಿಸಿ, ದೂರ ಹೋಗಿ, ಕಣ್ಣು ಸಣ್ಣ ಮಾಡಿ ನೋಡಿ. ಎಪಾಕ್ಸಿಯಲ್ಲೂ ಗೋಧಿ, ಕಂದು ಥರದ ಮಣ್ಣಿನ ಬಣ್ಣಗಳು ಸಿಗುತ್ತವೆ. ಲೋಹಕ್ಕೂ ಸ್ಟಾಕಿಗೂ ಬಣ್ಣ ಒಂದು ಚೂರು ಹೆಚ್ಚು ಕಡಿಮೆ ಆದರೆ ಒಳ್ಳೆಯದೇ.

ಮೇಲೆ ಕ್ಲಿಯರ್ ಕೋಟ್ ಬೇಕಾ? ಗಟ್ಟಿ ಬೇಕು ಅಂದವರು ಹಾರ್ಡನರ್ ಸೇರಿದ ಎರಡು ಭಾಗದ ಡಬ್ಬಿ ಹೊಡೆಯುತ್ತಾರೆ. ಗಟ್ಟಿ ಹೌದು. ಆದರೆ ಅದರ ಹಾರ್ಡನರ್‌ನಲ್ಲಿ ಐಸೋಸಯನೇಟ್ ಇರುತ್ತದೆ, ಒಮ್ಮೆ ಶ್ವಾಸಕೋಶಕ್ಕೆ ಹಿಡಿಸದೆ ಹೋದರೆ ಜೀವಮಾನದ ಆಸ್ತಮಾ. ಜೊತೆಗೆ ಮ್ಯಾಟ್ ಅಂತ ಬರೆದಿದ್ದರೂ ಕೆಲವು ಸ್ವಲ್ಪ ಮಿಂಚುತ್ತವೆ. ನಾನು ಹಾಕುವುದಿಲ್ಲ. ಹಾಕದಿದ್ದರೆ ಇನ್ನೊಂದು ಲಾಭ, ಮುಂದಿನ ವರ್ಷ ಉಜ್ಜಿಹೋದ ಕಡೆ ಮತ್ತೆ ಫಸ್ ಅನ್ನಿಸಿದರೆ ಮುಗಿಯಿತು, ಗೊತ್ತೂ ಆಗುವುದಿಲ್ಲ.

ಆಮೇಲೆ ಕಾಯುವುದು. ಒಂದು ದಿನಕ್ಕೆ ಕೈಗೆ ಅಂಟುವುದಿಲ್ಲ, ಆಗಲೇ ಜೋಡಿಸಲು ಕೈ ತುರಿಸುತ್ತದೆ. ಜೋಡಿಸಬೇಡಿ. ಬೆಚ್ಚಗಿನ ಒಣ ಕೋಣೆಯಲ್ಲಿ ಎರಡು ವಾರ ತೂಗುಬಿಡಿ. ಕಾಣದ ಜಾಗದಲ್ಲಿ ಉಗುರು ಒತ್ತಿದರೆ ಗುರುತು ಬೀಳಬಾರದು, ಅಲ್ಲಿಯವರೆಗೆ. ಇವತ್ತಿನಿಂದ ಲೆಕ್ಕ ಹಾಕಿದರೂ ನಿಮಗೆ ಸೀಸನ್‌ಗೆ ಮುಂಚೆ ಬೇಕಾದಷ್ಟು ಸಮಯ ಇದೆ.

ಜೋಡಿಸುವ ಮುಂಚೆ ಟೇಪ್, ಕಾಗದ ಎಲ್ಲ ತೆಗೆದಿರಾ? ಬ್ಯಾರಲ್ಲನ್ನು ಹಿಂದಿನಿಂದ ಹಿಡಿದು ಆಕಾಶ ನೋಡಿ. ದುಂಡನೆಯ ಬೆಳಕು ಪೂರ್ತಿ ಕಾಣಬೇಕು. ಒಂದು ಚೂರು ಕಾಗದ ಉಳಿದು ಮೊದಲ ತೋಟಾ ಹಾರಿಸಿದರೆ ಬ್ಯಾರಲ್ ಸೀಳಬಹುದು. ಇನ್ನೊಂದು ಮರೆಯುವ ವಸ್ತು ಮ್ಯಾಗಜೀನಿನ ಒಳಗಿನ ಪ್ಲಗ್, ಆ ಮರದ ಕಡ್ಡಿ. ವಲಸೆ ಹಕ್ಕಿಗಳ ಬೇಟೆಗೆ ಕೋವಿಯಲ್ಲಿ ಒಟ್ಟು 3 ತೋಟಾಕ್ಕಿಂತ ಹೆಚ್ಚು ಹಿಡಿಯಬಾರದು ಅಂತ 1935ರಿಂದ ಫೆಡರಲ್ ನಿಯಮ. ತೊಳೆಯುವಾಗ ಸ್ಪ್ರಿಂಗ್ ಜೊತೆ ಹೊರಗೆ ಬಂದ ಪ್ಲಗ್ ಮಸಾಲೆ ಡಬ್ಬದಲ್ಲೇ ಉಳಿದರೆ, ದೋಣಿ ಹತ್ತಿರ ಬರುವ ವಾರ್ಡನ್ ಮೊದಲು ನೋಡುವುದೇ ಅದನ್ನು. ನಿಮ್ಮ ಬಣ್ಣವನ್ನು ಹೊಗಳುತ್ತಲೇ ದಂಡ ಬರೆಯುತ್ತಾರೆ.

ಇಷ್ಟು ಗಟ್ಟಿ ಮಾಡಿದ ಬಣ್ಣಕ್ಕೂ ಒಂದು ಶತ್ರು ಇದೆ, ಸೊಳ್ಳೆ ಔಷಧಿ. ಡೀಟ್ ಇರುವ ಸ್ಪ್ರೇ ಬಣ್ಣವನ್ನೂ ಕೆಲವು ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ. ಸೆಪ್ಟೆಂಬರ್ ಮೊದಲ ಬೇಟೆಯ ದಿನ ಕೈಗೆ ಚೆನ್ನಾಗಿ ಹಚ್ಚಿಕೊಂಡು ಕೋವಿ ಹಿಡಿದಿದ್ದೆ. ಮಧ್ಯಾಹ್ನಕ್ಕೆ ಸ್ಟಾಕ್ ಬೆಲ್ಲದ ಪಾಕದ ಹಾಗೆ ಅಂಟಂಟು, ಅಂಗೈಯೆಲ್ಲ ಗೋಧಿ ಬಣ್ಣ. ಪಿಕಾರಿಡಿನ್ ಇರುವ ಔಷಧಿ ತೆಗೆದುಕೊಳ್ಳಿ. ಬ್ಯಾರಲ್ ಒಳಗೆ ತೊಳೆಯುವಾಗಲೂ ದ್ರಾವಕ ಹೊರಗೆ ಸೋರದ ಹಾಗೆ ಬಾಯಿಗೆ ಬಟ್ಟೆ ಸುತ್ತಿ. ಹೊರಗೆ ಬಣ್ಣ ಇದೆ ಅಂತ ಒಳಗೆ ಎಣ್ಣೆ ಬಿಡಬೇಡಿ. ನವೆಂಬರ್ ಚಳಿಯಿಂದ ಬೆಚ್ಚಗಿನ ಮನೆಗೆ ತಂದ ಕೋವಿ ಫ್ರಿಜ್ಜಿನಿಂದ ತೆಗೆದ ಬಾಟಲಿಯ ಹಾಗೆ ಬೆವರುತ್ತದೆ, ಒಳಗೂ.

ಹಾಂ, ಕೆಲಸ ಚೆನ್ನಾಗಿ ಬಂದರೆ ಇನ್ನೊಂದು ಪಜೀತಿ. ಹುಲ್ಲಿನ ಮೇಲೆ ಇಟ್ಟ ಕೋವಿ ನಿಮಗೇ ಸಿಗುವುದಿಲ್ಲ. ನಾನೊಮ್ಮೆ ಇಪ್ಪತ್ತು ನಿಮಿಷ ಹುಡುಕಿ, ಕೊನೆಗೆ ಅದನ್ನೇ ಮೆಟ್ಟಿ ಕಂಡುಹಿಡಿದೆ. ಕೋವಿಯನ್ನು ಹೆಗಲಿಗೆ ಹಾಕುವ ಬೆಲ್ಟಿನ ಒಳಬದಿಗೆ ಒಂದು ತುಂಡು ಕಿತ್ತಳೆ ಟೇಪ್ ಅಂಟಿಸಿ. ಕೆಳಗೆ ಇಡುವಾಗ ಅದನ್ನು ಮೇಲೆ ತಿರುಗಿಸಿಡಿ.

ಕೊನೆಗೆ ಅಪ್ಪನ ಕೋವಿ. ಬೇಡ. ಭಾರತದಲ್ಲಿ ಈಗ ವನ್ಯಜೀವಿ ಕಾಯ್ದೆಯ ಪ್ರಕಾರ ಬಾತು ಬೇಟೆ ಇಲ್ಲ, ಹಾಗಾಗಿ ಕ್ಯಾಮೊ ಯಾರಿಂದ ಅಡಗಿಕೊಳ್ಳಲು? ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಇರುವ ಕೋವಿ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿದೆ, 2029ರವರೆಗೆ. ಆದರೆ ಆ ಕೋವಿಯ ಮೇಲಿನ ನಂಬರ್, ಗುರುತು ಅಳಿಸುವುದು ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅಪರಾಧವೇ. ಅದು ಜೋಡುನಳಿಗೆಯಾದರೆ ಎರಡು ನಳಿಗೆಯನ್ನು ಬೆಸುಗೆಯಲ್ಲಿ ಕೂಡಿಸಿರುತ್ತಾರೆ, ಉಜ್ಜುವುದು, ಬಿಸಿ ಮಾಡುವುದು ಯಾವುದೂ ಅದಕ್ಕೆ ಒಳ್ಳೆಯದಲ್ಲ. ಅಪ್ಪನ ಕೈಬೆವರಿಗೆ ನುಣುಪಾದ ಮರ ಅದು. ಸೆಪ್ಟೆಂಬರಿನಲ್ಲಿ ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಊರಿಗೆ ಹೋದರೆ ಮರಕ್ಕೆ ನಾರಗಸೆ ಎಣ್ಣೆ, ಅಂದರೆ ಅಗಸೆ ಎಣ್ಣೆ, ನಾಲ್ಕು ಹನಿ ತಿಕ್ಕಿ, ಲೋಹಕ್ಕೆ ಕೋವಿ ಎಣ್ಣೆ ಒರೆಸಿ. ಆಮೇಲೆ ಎಲ್ಲರ ಹಾಗೆ ನಳಿಗೆಗೆ ತೋಕ್ ಪೂ, ಅಂದರೆ ಕೋವಿ ಹೂವು, ಸಿಕ್ಕಿಸಿ ಪೂಜೆಗಿಡಿ. ಪೂಜೆ ಮುಗಿದ ಮೇಲೆ ಹೂವು ತೆಗೆಯುವುದನ್ನು ಮರೆಯಬೇಡಿ. ನಳಿಗೆಯೊಳಗೆ ಸಿಕ್ಕಿಕೊಂಡರೆ ಅದೂ ಆ ಕಾಗದದ ಸುರುಳಿಯ ಹಾಗೇ.